ತಲೆಯಕ್ಕನ ತವರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿನ್ನೀರಿನ ದಂಡೆಯ ರಸ್ತೆಯಲ್ಲಿ ಅದು ಕೊನೆಯ ಮನೆ. ಮನೆಗೆ ಅಂಟಿಕೊಂಡ ಹಾಗೆ ಒಂದು ತಗಡಿನ ಶೆಡ್ಡು, ಒಳಗೆ ಗ್ಯಾಸ್ ಒಲೆ ಬುಸುಗುಡುತ್ತಿದೆ. ಒಲೆಯ ಮೇಲಿನ ಗಿಡ್ಡ ಕಬ್ಬಿಣದ ಪಾತ್ರೆಯಲ್ಲಿ ತವರ ಕರಗಿ ಹೊಳೆಯುತ್ತಿದೆ. ಅದರ ಮುಂದೆ ನಿಂತ ಹೆಂಗಸಿಗೆ ಮಾತ್ರ ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ಸೌಟು ಕೈಗೆತ್ತಿಕೊಳ್ಳುತ್ತಾರೆ, ಮತ್ತೆ ಇಡುತ್ತಾರೆ. ಬಾಗಿಲಿಗೆ ಹೋಗಿ ನೀರಿನ ಕಡೆ ಕತ್ತು ಚಾಚುತ್ತಾರೆ. ವಾಪಸು ಬಂದು, ಅಚ್ಚು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿ, ಬೆರಳು ಚುರ್ ಎನಿಸಿಕೊಂಡು, ತಮಗೆ ತಾವೇ ಬೈದುಕೊಳ್ಳುತ್ತಾರೆ.

ಕೊನೆಗೂ ಕೆಲಸ ಶುರುವಾಗುತ್ತದೆ. ಅಚ್ಚು ಎಂದರೆ ಪುಸ್ತಕದಂತೆ ತೆರೆದು ಮುಚ್ಚುವ ಎರಡು ಅಲ್ಯೂಮಿನಿಯಂ ಹಲಗೆಗಳು. ಒಳಗೆ ಸಾಲಾಗಿ ಕೊರೆದ ಪುಟ್ಟ ಗುಂಡಿಗಳು, ಪ್ರತಿ ಗುಂಡಿಯ ಪಕ್ಕ ಗಾಳ ಕೂರಿಸಲು ಒಂದೊಂದು ಗೀರು. ಗಾಳಗಳನ್ನು ಜೋಡಿಸಿ, ಹಲಗೆ ಮುಚ್ಚಿ, ಮೇಲಿನ ತೂತಿನಿಂದ ತವರ ಹೊಯ್ಯುತ್ತಾರೆ. ಇಷ್ಟು ಹೊತ್ತು ಚಡಪಡಿಸುತ್ತಿದ್ದವರು ಇವರೇನಾ ಎನ್ನುವಷ್ಟು ನಿಧಾನ. ಹಲಗೆ ಬಿಚ್ಚಿದರೆ ಬೆಳ್ಳಗೆ ಮಿನುಗುವ ಗುಂಡುಗಳು, ಒಂದೊಂದರ ಹಿಂದೆಯೂ ಬಾಲದಂತೆ ಬಾಗಿದ ಗಾಳ. ಇಕ್ಕಳದಿಂದ ಒಂದನ್ನು ಎತ್ತಿ ದೀಪಕ್ಕೆ ಹಿಡಿದು, "ಇದು ಸರಿಹೋಯ್ತು" ಎನ್ನುತ್ತಾರೆ. ಮರುಕ್ಷಣವೇ ಮತ್ತೆ ಬಾಗಿಲಿಗೆ.

ಇಂಥವರ ಬಗ್ಗೆ ಬರೆಯುವಾಗ 'ಸದ್ದಿಲ್ಲದೆ ದುಡಿಯುವ ಜೀವ' ಎಂದು ಶುರುಮಾಡುವುದು ನಮ್ಮ ಪತ್ರಿಕೆಯವರ ರೂಢಿ. ಇವರ ವಿಷಯದಲ್ಲಿ ಹಾಗೆ ಬರೆದರೆ ದಂಡೆಯ ಜನ ಬಿದ್ದು ಬಿದ್ದು ನಗುತ್ತಾರೆ. ಸದ್ದಿಲ್ಲದೆ ಇವರು ಮಾಡುವ ಕೆಲಸ ಒಂದೂ ಇಲ್ಲ. ಒಲೆಯನ್ನು ಬೈಯುತ್ತಾರೆ, ಅಚ್ಚನ್ನು ಗದರುತ್ತಾರೆ, ಗಾಳ ಸರಿಯಾಗಿ ಕೂರದಿದ್ದರೆ ಅದರ ವಂಶವನ್ನೇ ವಿಚಾರಿಸಿಕೊಳ್ಳುತ್ತಾರೆ. ಎಲೆಮರೆಯ ಕಾಯಿ ಹೌದು. ಆದರೆ ಎಲೆಯ ಹಿಂದಿನಿಂದ ಒಂದೇ ಸಮನೆ ಮಾತಾಡುವ ಕಾಯಿ.

ದಂಡೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ತಲೆಯಕ್ಕ ಎಂದು. ಹೆಸರಿನ ಹಿಂದೆ ದೊಡ್ಡ ರಹಸ್ಯವೇನೂ ಇಲ್ಲ. ಈ ಹಿನ್ನೀರಿನಲ್ಲಿ ಬಾಸ್ ಎಂಬ ದೊಡ್ಡ ಬಾಯಿಯ ಮೀನಿದೆ. ಹೆಸರಿಗೆ ತಕ್ಕ ಗತ್ತಿನ ಮೀನು, ನೀರೊಳಗೆ ತಾನೇ ಯಜಮಾನ ಎಂಬಂತಿರುತ್ತದೆ. ಅದನ್ನು ಹಿಡಿಯಲು ಬರುವವರು ಗಾಳಕ್ಕೆ ನಿಜವಾದ ಎರೆಹುಳ ಚುಚ್ಚುವುದಿಲ್ಲ. ರಬ್ಬರಿನಷ್ಟು ಮೆತ್ತಗಿರುವ ಪ್ಲಾಸ್ಟಿಕ್ ಹುಳ, ಪ್ಲಾಸ್ಟಿಕ್ ಏಡಿ, ಪ್ಲಾಸ್ಟಿಕ್ ಮರಿಮೀನು ಚುಚ್ಚುತ್ತಾರೆ. ಆ ಹುಳವನ್ನು ನೀರಿನ ತಳಕ್ಕೆ ಇಳಿಸಿ, ಜೀವ ಇರುವ ಹಾಗೆ ಕುಣಿಸುವುದು ಅದರ ಮೂತಿಗೆ ಸಿಕ್ಕಿಸುವ ಗಾಳವಿರುವ ಲೋಹದ ಗುಂಡು. ಅಂಗಡಿಯ ಪೊಟ್ಟಣದ ಮೇಲೆ ಜಿಗ್ ಹೆಡ್ ಎಂದು ಬರೆದಿರುತ್ತದೆ. ದಂಡೆಯ ಮೇಲೆ ಬರೀ ತಲೆ. ತಲೆ ಮಾಡುವವರು ತಲೆಯಕ್ಕ.

"ಮೊದಮೊದಲು ಸಿಟ್ಟು ಬರ್ತಿತ್ತು. ಯಾರಾದ್ರೂ ಬಂದು 'ಅಕ್ಕಾ, ತಲೆ ಇದೆಯಾ?' ಅಂದ್ರೆ, 'ನನಗಿದೆ, ನಿನಗಿದೆಯಾ ನೋಡ್ಕೋ' ಅಂತಿದ್ದೆ. ಈಗ ಅಭ್ಯಾಸ ಆಗಿದೆ."

ಇವತ್ತು ಅವರು ಹೀಗೆ ಬಾಗಿಲಿಗೂ ಒಲೆಗೂ ತಿರುಗಾಡುತ್ತಿರುವುದಕ್ಕೆ ಕಾರಣವಿದೆ. ಗಂಡನ ಅಣ್ಣ, ಅಂದರೆ ಇವರ ಭಾವ, ನಸುಕಿನಲ್ಲೇ ದೋಣಿ ಬಿಟ್ಟುಕೊಂಡು ಹೋಗಿದ್ದಾರೆ. ಮೀನು ಹಿಡಿಯಲು ಊರೂರಿನಿಂದ ಬರುವವರನ್ನು ದೋಣಿಯಲ್ಲಿ ಸುತ್ತಿಸುವ ದೋಣಿಯವರಲ್ಲಿ ಅವರೇ ಹಿರಿಯರು. ಅವರು ಯಾವ ತಲೆ ಕಟ್ಟುತ್ತಾರೋ ದಂಡೆಯ ಮಿಕ್ಕ ದೋಣಿಯವರೂ ಅದನ್ನೇ ಕಟ್ಟುತ್ತಾರೆ. ಇವತ್ತು ಮೊದಲ ಸಲ ಅವರ ಪೆಟ್ಟಿಗೆಯಲ್ಲಿ ಸೀಸದ ತಲೆ ಒಂದೂ ಇಲ್ಲ, ಇರುವುದೆಲ್ಲ ತವರದ್ದು. ಅವರು ಸೈ ಎಂದರೆ ತಲೆಯಕ್ಕನ ಕಸುಬು ಉಳಿಯಿತು. ಇಲ್ಲ ಎಂದರೆ ಒಂದೋ ಕಸುಬು ಬಿಡಬೇಕು, ಇಲ್ಲವೇ ಮತ್ತೆ ಸೀಸ ಕರಗಿಸಬೇಕು. ಸೀಸ ಕರಗಿಸಿದರೆ ಮೊಮ್ಮಗಳು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಆ ಕಥೆಗೆ ಬರುವ ಮುಂಚೆ ಗಿರಾಕಿಯೊಬ್ಬರು ಬಂದಿದ್ದಾರೆ. ಪೇಟೆಯ ಕಟಿಂಗ್ ಶಾಪಿನವರು. ಅಂಗಡಿಗೆ ರಜೆ ಇದ್ದ ದಿನ ಇವರ ಕಾಲು ನೇರ ದಂಡೆಗೆ ಬರುತ್ತದೆ. ಬಂದವರೇ ಬಾಗಿಲಿಗೆ ಒರಗಿ ಹಳೇ ಹಾಸ್ಯ ಒಗೆಯುತ್ತಾರೆ.

"ಏನಕ್ಕಾ, ನಿಮ್ದೂ ತಲೆ ಕೆಲಸ, ನಮ್ದೂ ತಲೆ ಕೆಲಸ. ನಮ್ಮಲ್ಲಿ ರೇಟು ಕಮ್ಮಿ."

"ನೀವು ಕತ್ತರಿಸಿದ್ದು ಮತ್ತೆ ಬೆಳಿಯುತ್ತಪ್ಪ. ನಮ್ಮದು ಕಲ್ಲಿಗೆ ಸಿಕ್ಕಿಕೊಂಡ್ರೆ ಹೋಯ್ತು. ಎಲ್ಲಿ, ಹುಳ ತೋರ್ಸಿ."

ಇದು ಇವರ ಕ್ರಮ. ತಲೆ ಕೇಳಿ ಬಂದವರಿಗೆ ತಲೆ ತೋರಿಸುವುದಿಲ್ಲ, ಮೊದಲು ಅವರ ಕೈಲಿರುವ ಹುಳ ನೋಡುತ್ತಾರೆ. ಕಟಿಂಗ್ ಶಾಪಿನವರು ಜೇಬಿನಿಂದ ಬೆರಳುದ್ದದ ಹುಳ ತೆಗೆಯುತ್ತಾರೆ. ತೆಳ್ಳಗಿದೆ, ಹಸಿರು ಬಣ್ಣ, ಬಾಲದಲ್ಲಿ ಕಪ್ಪು ಚುಕ್ಕಿ. ತಲೆಯಕ್ಕ ಅದನ್ನು ಎರಡು ಬೆರಳ ನಡುವೆ ಹಿಸುಕಿ ದಪ್ಪ ನೋಡುತ್ತಾರೆ. ಆಮೇಲೆ ಗಾಳಗಳ ಡಬ್ಬಿ ತೆಗೆದು, ಹುಳದ ಪಕ್ಕಕ್ಕೆ ಒಂದೊಂದೇ ಗಾಳ ಇಟ್ಟು ಅಳೆಯುತ್ತಾರೆ.

"ಮೊದಲು ಹುಳ, ಆಮೇಲೆ ಗಾಳ, ಕೊನೆಗೆ ತಲೆ. ಜನ ತಲೆಯಿಂದ ಶುರು ಮಾಡ್ತಾರೆ, ಅದಕ್ಕೇ ತಲೆ ಕೆಡಿಸ್ಕೋತಾರೆ. ನೋಡಿ, ಗಾಳದ ಮೊನೆಗೂ ಕಡ್ಡಿಗೂ ಮಧ್ಯೆ ಜಾಗ ಇದೆಯಲ್ಲ, ಅದು ಗಾಳದ ಬಾಯಿ. ದಪ್ಪ ಹುಳಕ್ಕೆ ಸಣ್ಣ ಬಾಯಿ ಹಾಕಿದ್ರೆ ಮೊನೆ ಹುಳದೊಳಗೇ ಮುಚ್ಚಿಹೋಗುತ್ತೆ. ಮೀನು ಕಚ್ಚುತ್ತೆ, ನೀವು ಎಳೀತೀರಿ, ಅದು ಉಗಿದು ಹೋಗುತ್ತೆ. ಆಮೇಲೆ ಮೀನು ಜಾಣ ಅಂತೀರಿ. ಮೀನು ಜಾಣ ಅಲ್ಲ, ಗಾಳದ ಬಾಯಿ ಚಿಕ್ಕದು."

"ಮತ್ತೆ ದೊಡ್ಡ ಬಾಯಿದೇ ಕೊಟ್ಬಿಡಿ ಅಕ್ಕಾ, ಎಲ್ಲದಕ್ಕೂ ಆಗುತ್ತೆ."

"ಈ ತೆಳ್ಳಗಿನ ಹುಳಕ್ಕೆ ದೊಡ್ಡ ಗಾಳ ಹಾಕಿದ್ರೆ ಅದು ಹುಳದ ಹಾಗೆ ಕುಣಿಯಲ್ಲ, ಕಡ್ಡಿ ನುಂಗಿದ ಹಾಗೆ ಸೆಟೆದು ನಿಲ್ಲುತ್ತೆ. ಎಲ್ಲಿಗೆ ಹೋಗ್ತೀರಿ ಇವತ್ತು?"

ಜೊಂಡಿನ ಕಡೆಗೆ ಎಂದು ಉತ್ತರ ಬರುತ್ತದೆ. ಜೊಂಡು, ಹುಲ್ಲು ಇದ್ದಲ್ಲಿಗೆ ಮೂತಿ ಚೂಪಾದ ತಲೆ. ಅದು ಎಲೆ ಸೀಳಿಕೊಂಡು ನುಸುಳುತ್ತದೆ. ಕಲ್ಲುಗುಂಡಿನ ತಳಕ್ಕೆ ಅಡ್ಡಕ್ಕೆ ಅಗಲವಾದ ತಲೆ. ಸಂದಿಗೆ ಬೀಳದೆ ಕಲ್ಲಿನ ಮೇಲೆ ತೆವಳುತ್ತದೆ. ಬಯಲು ನೀರಿಗೆ ಬರೀ ಗುಂಡು. ತಂತಿಯ ದಪ್ಪವನ್ನೂ ಅದಕ್ಕೆ ತಕ್ಕಂತೆ ನೋಡಬೇಕು. ಜೊಂಡಿನಿಂದ ಮೀನನ್ನು ಕಿತ್ತು ತರಲು ದಪ್ಪ ತಂತಿಯ ಗಾಳ ಬೇಕು, ತಿಳಿನೀರಿನಲ್ಲಿ ನವಿರಾದ ದಾರಕ್ಕೆ ತೆಳು ತಂತಿಯದ್ದು. ತೂಕದ ವಿಷಯಕ್ಕೆ ತಲೆಯಕ್ಕನದು ಒಂದೇ ಮಾತು: ತಳ ಮುಟ್ಟಿದ್ದು ಕೈಗೆ ಗೊತ್ತಾಗುವಷ್ಟು ಭಾರ ಸಾಕು, ಅದಕ್ಕಿಂತ ಒಂದು ಗುಂಜಿಯೂ ಹೆಚ್ಚು ಬೇಡ. ಕಟಿಂಗ್ ಶಾಪಿನವರು ಚೂಪು ತಲೆ ಕೈಗೆ ತೆಗೆದುಕೊಂಡು ತೂಗಿ ನೋಡಿ ಮುಖ ಹುಳ್ಳಗೆ ಮಾಡುತ್ತಾರೆ.

"ಇದು ದಪ್ಪಕ್ಕೆ ತಕ್ಕ ಭಾರ ಇಲ್ವಲ್ಲಕ್ಕಾ. ಹಳೇದಿಲ್ವಾ?"

"ಹಳೇದು ಇಲ್ಲ."

"ಒಂದೆರಡಾದ್ರೂ..."

"ಇಲ್ಲಾ ಅಂದ್ನಲ್ಲ." ದನಿ ಏರುತ್ತದೆ. ಕೂಡಲೇ ಇಳಿಯುತ್ತದೆ. "ಇದನ್ನ ತಗೊಂಡೋಗಿ. ಚೆನ್ನಾಗಿಲ್ಲ ಅಂದ್ರೆ ದುಡ್ಡು ಕೊಡ್ಬೇಡಿ."

ಅವರು ತೆಗೆದುಕೊಂಡು ಹೋಗುತ್ತಾರೆ. ಹೋಗುವಾಗ ಅವರ ಮುಖದಲ್ಲಿದ್ದ ಅನುಮಾನವನ್ನು ತಲೆಯಕ್ಕ ನೋಡಿದ್ದಾರೆ, ನೋಡಿಲ್ಲದವರ ಹಾಗೆ ಡಬ್ಬಿ ಮುಚ್ಚುತ್ತಾರೆ. ಮುಚ್ಚಳ ತಪ್ಪಾಗಿ ಕೂತದ್ದನ್ನು ಮತ್ತೆ ತೆಗೆದು ಮುಚ್ಚುತ್ತಾರೆ.

ಕಸುಬು ಕಲಿಸಿದ್ದು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಈ ಸೊಸೆಗೆ ಅಡುಗೆಮನೆಗಿಂತ ಶೆಡ್ಡೇ ಹೆಚ್ಚು ಹಿಡಿಸಿತು. ಸೊಸೆಗೆ ಕೂತಲ್ಲಿ ಕೂರಲಾಗದ ಗುಣ ಇರುವುದನ್ನು ಅತ್ತೆ ಬೇಗ ಕಂಡುಕೊಂಡರು. ಬಿಸಿ ಲೋಹದ ಮುಂದೆ ಮಾತ್ರ ಈ ಹುಡುಗಿ ತೆಪ್ಪಗಿರುತ್ತಾಳೆ ಎಂಬುದನ್ನೂ ಕಂಡುಕೊಂಡು ಸೌಟು ಕೈಗೆ ಕೊಟ್ಟರು. ಅಚ್ಚುಗಳೆಲ್ಲ ಅತ್ತೆಯವೇ. ಅತ್ತೆ ತೀರಿಹೋಗಿ ಬಹಳ ಕಾಲವಾಯಿತು. ಗಂಡ ಊರ ಬಸ್ಸಿನ ಡ್ರೈವರ್, ಮೊದಲ ಪಾಳಿಗೆ ಕತ್ತಲಿರುವಾಗಲೇ ಹೊರಡುತ್ತಾರೆ. ಅವರ ಸಂಬಳದಲ್ಲಿ ಮನೆ ನಡೆಯುತ್ತದೆ. ತಲೆ ಮಾಡದಿದ್ದರೆ ಒಲೆ ಉರಿಯದು ಎಂಬ ಸ್ಥಿತಿ ಇಲ್ಲ. ಹಾಗಂತ ಯಾರಾದರೂ ಹೇಳಿದರೆ ತಲೆಯಕ್ಕನಿಗೆ ಮೈಯೆಲ್ಲ ಉರಿಯುತ್ತದೆ.

"ಮಗಳೂ ಅದನ್ನೇ ಕೇಳಿದ್ಲು. 'ಬಿಟ್ಬಿಡಮ್ಮ, ನಿನಗೇನು ಕಮ್ಮಿ' ಅಂದ್ಲು. ಬಿಟ್ಟು ಏನ್ ಮಾಡ್ಲಿ? ಕಿಟಕಿ ಹತ್ರ ಕೂತು ರಸ್ತೆ ನೋಡ್ಲಾ? ಈ ನೀರಲ್ಲಿ ಯಾರು ಮೀನು ಹಿಡಿದ್ರೂ ಅದ್ರ ಬಾಯಲ್ಲಿ ನನ್ನ ಕೆಲಸ ಇರುತ್ತೆ. ಅದು ಬಿಟ್ರೆ ನಾನು ಯಾರು?"

ಮಗಳು ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮನೆ ಊರಿನ ಆಚೆ ತುದಿಯಲ್ಲಿ. ಕೆಲಸಕ್ಕೆ ಹೋಗುವಾಗ ಮಗುವನ್ನು ಇಲ್ಲಿ ಬಿಟ್ಟು, ಸಂಜೆ ಕರೆದೊಯ್ಯುತ್ತಿದ್ದಳು. ಮಗುವಿಗೆ ಈಗಷ್ಟೇ ಮಾತು ಬರುತ್ತಿದೆ. ಮೊದಲು ಆಡಿದ ಮಾತುಗಳಲ್ಲಿ 'ತಲೆ' ಕೂಡ ಒಂದು ಎಂದು ಅಜ್ಜಿಗೆ ಬಹಳ ಹೆಮ್ಮೆಯಿತ್ತು. ಒಂದು ದಿನ ಹೊಟ್ಟೆನೋವು, ಊಟ ಬೇಡ, ರಚ್ಚೆ. ಡಾಕ್ಟರ್ ಅದನ್ನೂ ಇದನ್ನೂ ನೋಡಿ ಕೊನೆಗೆ ರಕ್ತ ಪರೀಕ್ಷೆ ಬರೆದರು. ರಕ್ತದಲ್ಲಿ ಸೀಸ ಇತ್ತು. ಬಹಳ ಹೆಚ್ಚಲ್ಲ, ಸಮಯಕ್ಕೆ ಗೊತ್ತಾಯಿತು, ಮತ್ತೆ ಮೈಗೆ ಸೇರದ ಹಾಗೆ ನೋಡಿಕೊಂಡರೆ ಇಳಿಯುತ್ತದೆ ಎಂದರು. 'ಮನೆಯಲ್ಲಿ ಯಾರಾದರೂ ಸೀಸದ ಕೆಲಸ ಮಾಡುತ್ತಾರಾ?' ಎಂದು ಕೇಳಿದರು.

ಇಲ್ಲಿಗೆ ಬಂದಾಗ ತಲೆಯಕ್ಕ ಸೌಟಿನ ಹಿಡಿಯನ್ನು ಬಟ್ಟೆಯಿಂದ ಉಜ್ಜುತ್ತಾರೆ. ಉಜ್ಜಿದ್ದನ್ನೇ ಉಜ್ಜುತ್ತಾರೆ.

"ಒಲೆ ಹತ್ರ ಮಗು ಬರಬಾರದು ಅಂತ ಬಾಗಿಲಿಗೆ ಅಡ್ಡ ಹಲಗೆ ಹಾಕಿದ್ದೆ. ಹೊಯ್ಯೋ ದಿನ ಮಗೂನ ಶೆಡ್ಡಿನ ನೆರಳಿಗೂ ಬಿಡ್ತಿರ್ಲಿಲ್ಲ. ಹೊಗೆ ಹೋಗ್ಲಿ ಅಂತ ಕಿಟಕಿ ಕೊರೆಸಿದ್ದೆ. ಎಲ್ಲಾ ಮಾಡಿದ್ದೆ. ಅರ ಹಾಕೋದು ಮಾತ್ರ ಕೆಲಸ ಅಂತಾನೇ ನನಗೆ ಅನಿಸಿರ್ಲಿಲ್ಲ."

ಅರ ಹಾಕುವುದು ಎಂದರೆ ಅಚ್ಚಿನಿಂದ ಬಿಚ್ಚಿದ ತಲೆಗಳ ಅಂಚಿನಲ್ಲಿ ಉಳಿದ ಏಣನ್ನು ಅರದಿಂದ ಉಜ್ಜಿ ನುಣುಪು ಮಾಡುವುದು. ಬೆಂಕಿಯಿಲ್ಲ, ಹೊಗೆಯಿಲ್ಲ. ಟೀವಿ ಮುಂದಿನ ಕುರ್ಚಿಯಲ್ಲಿ ಕೂತು, ಮಡಿಲಿಗೆ ಏಪ್ರನ್ ಹರಡಿಕೊಂಡು ಮಾಡುವ ಬಿಡುವಿನ ಕೆಲಸ. ಅತ್ತೆಯೂ ಹಾಗೇ ಮಾಡುತ್ತಿದ್ದರು. ಅರದ ಪುಡಿ ಕಣ್ಣಿಗೂ ಕಾಣದಷ್ಟು ನಯ. ಏಪ್ರನ್ನಿನ ಮೇಲೆ ಬೀಳುತ್ತಿತ್ತು, ಕುರ್ಚಿಯ ಬಟ್ಟೆಗೆ ಇಳಿಯುತ್ತಿತ್ತು. ಕೆಲಸ ಮುಗಿದ ಮೇಲೆ ತಲೆಗಳನ್ನು ಡಬ್ಬಿಗೆ ಸುರಿದು, ಕೈ ತೊಳೆದು, ಅದೇ ಮಡಿಲಿಗೆ ಮೊಮ್ಮಗಳನ್ನು ಎಳೆದುಕೊಳ್ಳುತ್ತಿದ್ದರು. ಮಗು ಏಪ್ರನ್ನಿನ ಅಂಚು ಬಾಯಿಗಿಟ್ಟುಕೊಂಡು ನಿದ್ದೆಹೋಗುತ್ತಿತ್ತು.

ಆರೋಗ್ಯ ಇಲಾಖೆಯ ಹೆಣ್ಣುಮಗಳೊಬ್ಬಳು ಬಂದು, ಸೀಸದ ಪರೀಕ್ಷೆಗೆಂದು ಒದ್ದೆ ಬಟ್ಟೆಯ ತುಂಡುಗಳಿಂದ ಮನೆಯ ಮೂಲೆ ಮೂಲೆ ಒರೆಸಿಕೊಂಡು ಹೋದಳು. ಶೆಡ್ಡಿನಲ್ಲಿ ಸಿಕ್ಕಿದ್ದಕ್ಕಿಂತ ಆ ಕುರ್ಚಿಯಲ್ಲಿ ಸಿಕ್ಕಿದ್ದೇ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಏಪ್ರನ್ನಿನಲ್ಲಿ. ಅದನ್ನು ಕೇಳಿ ತಲೆಯಕ್ಕ ಕುರ್ಚಿಯನ್ನೇ ಎತ್ತಿ ಆಚೆ ಹಾಕಿದರು. ಗಂಡ ಬಂದು ನೋಡಿದರೆ ಟೀವಿ ಮುಂದೆ ಖಾಲಿ, ಹೆಂಡತಿ ನೆಲ ಒರೆಸುತ್ತಿದ್ದಾರೆ, ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಾರೆ.

ಮಗಳು ಬೈಯಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು. 'ಪರವಾಗಿಲ್ಲಮ್ಮ, ನಿನಗೆ ಗೊತ್ತಿರ್ಲಿಲ್ವಲ್ಲ' ಅಂದ್ಲು. ಅಷ್ಟು ಮೆತ್ತಗೆ ಅವಳು ಯಾವತ್ತೂ ನನ್ನ ಹತ್ರ ಮಾತಾಡಿರ್ಲಿಲ್ಲ. ಗಿರಾಕಿಗಳ ಹತ್ರ ಮಾತಾಡೋ ಹಾಗಿತ್ತು." ಮಗು ಈಗ ಹಗಲು ಬೇರೆಯವರ ಮನೆಯಲ್ಲಿರುತ್ತದೆ. ಸೀಸ ಈ ಮನೆಯಿಂದ ಹೋಗುವ ತನಕ ಮಗುವನ್ನು ಒಳಗೆ ತರುವುದಿಲ್ಲ ಎಂದು ಮಗಳು ಅದೇ ಮೆತ್ತನೆಯ ದನಿಯಲ್ಲಿ ಹೇಳಿದ್ದಾಳೆ. ವಾರಕ್ಕೊಮ್ಮೆ ಇಬ್ಬರೂ ಗೇಟಿನ ತನಕ ಬರುತ್ತಾರೆ, ಮಾತಾಡಿಸಿಕೊಂಡು ಹೋಗುತ್ತಾರೆ.

ತಲೆಯಕ್ಕ ಸೀಸ ಬಿಟ್ಟರು. ಪಾತ್ರೆ, ಸೌಟು, ಅರ ಎಲ್ಲ ಹೊಸದು. ನೆಲದ ಮೇಲೆ ಹೊಸ ಸಿಮೆಂಟು. ಸೀಸದ ಬದಲು ಯಾವ ಲೋಹ ಎಂದು ವಿಚಾರಿಸಿದಾಗ ಮಕ್ಕಳಿರುವ ಮನೆಗೆ ತವರ ಆಗಬಹುದು ಎಂದು ಗೊತ್ತಾಯಿತು. ಬೆಲೆ ಸೀಸದ ಎಷ್ಟೋ ಪಟ್ಟು, ಆದರೂ ತರಿಸಿದರು. ಗಂಡ ದಿನವಿಡೀ ಬಸ್ಸಿನಲ್ಲಿ ಗಂಟು ಮುಖ ಹಾಕಿಕೊಂಡು ಕೂರುವವರು, ಮನೆಯಲ್ಲಿ ಮಾತ್ರ ಹಾಸ್ಯಗಾರ. ತವರದ ಗಟ್ಟಿ ಮನೆಗೆ ಬಂದ ದಿನ ಅದನ್ನು ಅಂಗೈಯಲ್ಲಿಟ್ಟು ನೋಡಿ ಹೇಳಿದರಂತೆ: "ಮಗಳು ತವರಿಗೆ ಬರ್ಬೇಕು ಅಂದ್ರೆ ಮೊದಲು ಅಮ್ಮ ತವರಕ್ಕೆ ಬರ್ಬೇಕಾಯ್ತು ನೋಡು." ತಲೆಯಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಅವರ ಬೆನ್ನಿಗೊಂದು ಗುದ್ದಿ ಒಳಗೆ ಹೋದರು.

ಹಾಸ್ಯ ಸುಲಭ, ತವರ ಸುಲಭವಾಗಿರಲಿಲ್ಲ. ಸೀಸ ಹೊಯ್ಯುತ್ತಿದ್ದ ಗುಂಡಿಗೇ ತವರ ಹೊಯ್ದರೆ ತಲೆಯ ತೂಕ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಅದೇ ತೂಕ ಬೇಕೆಂದರೆ ದೊಡ್ಡ ಗುಂಡಿಯಲ್ಲಿ ಹೊಯ್ಯಬೇಕು. ಹಾಗೆ ಮಾಡಿದರೆ ತಲೆ ಊದಿಕೊಂಡು ಗಾಳದ ಕಡ್ಡಿಯನ್ನು ಅರ್ಧ ನುಂಗಿಬಿಡುತ್ತದೆ. ಉಳಿದ ಗಿಡ್ಡ ಕಡ್ಡಿಗೆ ಹುಳ ಏರಿಸಿದರೆ ಅದು ಕುತ್ತಿಗೆಯ ಹತ್ತಿರ ಮುದುರುತ್ತದೆ. ಮುದುರಿದ ಹುಳ ನೀರಿನಲ್ಲಿ ಈಜುವುದಿಲ್ಲ, ಗಿರಗಿರ ತಿರುಗುತ್ತದೆ, ದಾರವೆಲ್ಲ ಹುರಿಗಟ್ಟಿಹೋಗುತ್ತದೆ. ಮೊದಲ ಸಲ ಕೊಟ್ಟ ತಲೆಗಳನ್ನು ದೋಣಿಯವರು ಒಬ್ಬೊಬ್ಬರಾಗಿ ತಂದು ಮೇಜಿನ ಮೇಲಿಟ್ಟು ಹೋದರು. "ಅಕ್ಕಾ, ತಲೆ ದಪ್ಪ ಆಗಿದೆ, ಬುದ್ಧಿ ಕಮ್ಮಿ ಆಗಿದೆ" ಎಂದ ಒಬ್ಬ. ಅವನು ಹೇಳಿದ್ದು ತಲೆಗೋ ತಲೆಯಕ್ಕನಿಗೋ ಎಂದು ಯೋಚಿಸುತ್ತ ಅವರು ಊಟ ಬಿಟ್ಟು ಶೆಡ್ಡಿನಲ್ಲೇ ಸುತ್ತಾಡಿದರು.

"ತಪ್ಪು ತವರದ್ದಲ್ಲ, ನಂದೇ. ಮೊದಲು ಹುಳ, ಆಮೇಲೆ ಗಾಳ, ಕೊನೆಗೆ ತಲೆ ಅಂತ ಊರಿಗೆಲ್ಲ ಹೇಳೋಳು ನಾನು. ಲೋಹ ಬದಲಾಯ್ತು ಅನ್ನೋ ಗಡಿಬಿಡೀಲಿ ನಾನೇ ತಲೆಯಿಂದ ಶುರು ಮಾಡಿದ್ದೆ. ಹಳೇ ಗಾಳಕ್ಕೇ ಹೊಸ ತಲೆ ಹೊಯ್ತಾ ಕೂತಿದ್ದೆ."

ಮತ್ತೆ ಹುಳದಿಂದ ಶುರುಮಾಡಿದರು. ಒಂದೊಂದು ಹುಳವನ್ನೂ ಮೇಜಿನ ಮೇಲೆ ಮಲಗಿಸಿ, ಊದಿದ ತಲೆಯನ್ನು ಮೂತಿಗೆ ಹಿಡಿದು, ಗಾಳ ಎಲ್ಲಿ ಬೆನ್ನಿನಿಂದ ಹೊರಬರಬೇಕೋ ಅಲ್ಲಿಗೆ ಉಗುರಿನಿಂದ ಗುರುತು ಹಾಕಿದರು. ಗುರುತಿನ ತನಕ ಕಡ್ಡಿ ತಲುಪಬೇಕೆಂದರೆ ಉದ್ದ ಕಡ್ಡಿಯ ಗಾಳ ಬೇಕು. ದಪ್ಪ ತಲೆ ಬಾಯಿಗೆ ಅಡ್ಡ ಬರುವುದರಿಂದ ಬಾಯಿಯೂ ಅಗಲ ಬೇಕು. ಅಂಥ ಗಾಳ ಸಿಕ್ಕಿತು. ಆದರೆ ಅದು ಅತ್ತೆಯ ಅಚ್ಚಿನ ಗೀರಿನಲ್ಲಿ ಕೂರಲಿಲ್ಲ. ಕೂರಬೇಕೆಂದರೆ ಗೀರನ್ನು ಅರದಿಂದ ಅಗಲಿಸಬೇಕು. ಅಗಲಿಸಿದ ಮೇಲೆ ಹಳೇ ಗಾಳ ಅದರಲ್ಲಿ ಬಿಗಿಯಾಗಿ ನಿಲ್ಲುವುದಿಲ್ಲ, ಹೊಯ್ದ ಲೋಹ ಸಂದಿಯಿಂದ ಸೋರುತ್ತದೆ. ಅಚ್ಚಿಗೆ ಅರ ಹಾಕಿದರೆ ಹಿಂದಕ್ಕೆ ದಾರಿಯಿಲ್ಲ.

"ಅತ್ತೇನ ನೆನೆಸಿಕೊಂಡು ಕೈ ಹಾಕಿದೆ. ಅವರಿದ್ದಿದ್ರೆ ಬೈತಿದ್ರು. ಆಮೇಲೆ ಅರ ಕಿತ್ಕೊಂಡು ತಾವೇ ಉಜ್ತಿದ್ರು. ನಾನು ಉಜ್ಜಿದ್ದು ಅವರಿಗೆ ಯಾವತ್ತೂ ಸರಿ ಕಂಡಿಲ್ಲ." ಸಂದಿಯಲ್ಲಿ ಸೀಸ ಉಳಿದಿರಬಹುದೆಂದು ಎಲ್ಲ ಅಚ್ಚುಗಳನ್ನೂ ತೊಳೆದು, ಉಜ್ಜಿ, ಮತ್ತೆ ತೊಳೆದದ್ದು ಶೆಡ್ಡಿನ ಆಚೆ, ತೆರೆದ ಬಯಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಉಜ್ಜಿ ಮುಗಿದ ಮೇಲೆ ಆ ದಿನ ತೊಟ್ಟ ಬಟ್ಟೆಯನ್ನೂ ಕಸಕ್ಕೆ ಹಾಕಿದರು. ಹಾಗೆ ಹುಟ್ಟಿದ ತಲೆಗಳೇ ಇವತ್ತು ಭಾವನ ಪೆಟ್ಟಿಗೆಯಲ್ಲಿರುವುದು.

ಬಿಸಿಲು ಏರಿದಂತೆ ಚಡಪಡಿಕೆಯೂ ಏರುತ್ತದೆ. ಚಹಾ ಮಾಡುತ್ತಾರೆ, ಕುಡಿಯುವುದನ್ನು ಮರೆಯುತ್ತಾರೆ. ಆರಿದ ಚಹಾ ಬಿಸಿ ಮಾಡಲು ಇಟ್ಟು, ಅದು ಉಕ್ಕಿದ ಮೇಲೆ ಓಡಿಬರುತ್ತಾರೆ. ರಸ್ತೆಯಲ್ಲಿ ಯಾರೇ ಹಾದುಹೋದರೂ "ನಮ್ಮ ಭಾವನ ದೋಣಿ ಕಂಡ್ರಾ?" ಎಂದು ಕೇಳುತ್ತಾರೆ. ಕಂಡೆವು ಎಂದವರಿಗೆ "ಗಾಳದ ಕೋಲು ಬಾಗಿತ್ತಾ, ಮೀನು ಕಚ್ಚಿತ್ತಾ?" ಎಂದು ಇನ್ನೊಂದು ಪ್ರಶ್ನೆ. ಬಾಗಿತ್ತು ಎಂದು ಒಬ್ಬ ಹೇಳಿದ, ಇಲ್ಲ ಎಂದು ಇನ್ನೊಬ್ಬ. ಇಬ್ಬರನ್ನೂ ನಂಬಿ, ಇಬ್ಬರನ್ನೂ ಬೈದು, ಮತ್ತೆ ಶೆಡ್ಡಿಗೆ ಬಂದು ಮಾಡಿಟ್ಟ ತಲೆಗಳನ್ನೇ ಎಣಿಸುತ್ತಾರೆ. ಒಳ್ಳೇ ದಿನ ನೂರರ ಮೇಲೆ ಮಾಡುವ ಕೈ ಇವತ್ತು ಅರ್ಧವನ್ನೂ ಮುಟ್ಟಿಲ್ಲ.

ಮಧ್ಯಾಹ್ನ ಕಳೆದ ಮೇಲೆ ದೋಣಿಯ ಮೋಟಾರಿನ ಸದ್ದು ಕೇಳುತ್ತದೆ. ಹಗ್ಗ ಕಟ್ಟಿ, ಗಿರಾಕಿಗಳನ್ನು ಇಳಿಸಿ, ಭಾವ ನಿಧಾನ ನಡೆದುಬರುತ್ತಾರೆ. ಈ ಮನುಷ್ಯ ನಿಧಾನ ನಡೆಯದೆ ಇದ್ದ ದಿನವೇ ಇಲ್ಲ, ಇವತ್ತು ಮಾತ್ರ ಅದು ಬೇಕೆಂದೇ ಮಾಡಿದ ಹಾಗೆ ತಲೆಯಕ್ಕನಿಗೆ ಕಾಣುತ್ತದೆ. ಶೆಡ್ಡಿನ ಬಾಗಿಲಲ್ಲಿ ಕೂತು, ನೀರು ಕುಡಿದು, ಬಾಯಿ ಒರೆಸಿಕೊಂಡ ಮೇಲೆ ಭಾವನ ಬಾಯಿಂದ ಮಾತು ಹೊರಡುತ್ತದೆ.

"ಮೀನಿಗೆ ಗೊತ್ತಾಗ್ಲಿಲ್ಲಮ್ಮ."

"ಏನು ಗೊತ್ತಾಗ್ಲಿಲ್ಲ ಭಾವ?"

"ನೀನು ಬದಲಾಯಿಸಿದ್ದು. ಜೊಂಡಿನ ಕಡೆ ಎರಡು ಒಳ್ಳೇ ಮೀನು. ಕಲ್ಲಿನ ಕಡೆ ಇನ್ನೂ ಚೆನ್ನಾಗಿತ್ತು. ಸೀಸ ಮೆತ್ತಗೆ ನೋಡು, ಕಲ್ಲು ತಾಗಿದ್ದು ಕೈಗೆ ಮಂದ. ಇದು ಟಿಕ್ ಟಿಕ್ ಅಂತ ಹೇಳುತ್ತೆ. ಹುಳಾನೂ ನೆಟ್ಟಗೆ ಈಜ್ತು, ಎಲ್ಲೂ ತಿರುಗ್ಲಿಲ್ಲ."

ತಲೆಯಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳುತ್ತಾರೆ. ನಗಬೇಕು ಎನ್ನುವಷ್ಟರಲ್ಲಿ ಭಾವ ಕೈ ಎತ್ತುತ್ತಾರೆ.

"ಆದ್ರೆ ಅಣೆಕಟ್ಟಿನ ಗೋಡೆ ಕಡೆ ಆಗಲ್ಲ. ಅಲ್ಲಿ ಆಳ, ಗಾಳಿ ಬೇರೆ. ಈ ದಪ್ಪ ತಲೆ ತಳ ಮುಟ್ಟೋಷ್ಟರಲ್ಲಿ ನಾನೊಂದು ನಿದ್ದೆ ತೆಗೀಬಹುದು. ದೊಡ್ಡ ಮೀನು ಇರೋದೇ ಅಲ್ಲಿ, ದೂರದಿಂದ ಬರೋರೆಲ್ಲ ಕೇಳೋದೂ ಅಲ್ಲಿಗೇ." ದನಿ ತಗ್ಗಿಸಿ, ಕಿರಿಯಳಿಗೆ ಬುದ್ಧಿ ಹೇಳುವ ಹಾಗೆ ಮುಂದುವರಿಯುತ್ತಾರೆ. "ಗೋಡೆಗಷ್ಟೇ ಒಂದು ಸಲ ಸೀಸದ್ದು ಹೊಯ್ದುಕೊಡು. ಆಚೆ ಬಯಲಲ್ಲೇ ಹೊಯ್ಯಿ, ಮನೆಯೊಳಗೆ ತರಬೇಡ. ಯಾರಿಗೂ ಗೊತ್ತಾಗಲ್ಲ."

ಭಾವ ಕೆಟ್ಟವರಲ್ಲ. ಈ ದಂಡೆಯಲ್ಲಿ ತಲೆಯಕ್ಕನಿಗೆ ಗಿರಾಕಿ ಹಿಡಿದುಕೊಟ್ಟವರೇ ಅವರು. ಅವರ ಮಾತನ್ನು ಈ ಮನೆಯಲ್ಲಿ ಯಾರೂ ತೆಗೆದುಹಾಕಿದ್ದಿಲ್ಲ. ಗೋಡೆಯ ಕಡೆಗೆ ಹೋಗುವ ತಲೆಗಳಲ್ಲೇ ಹೆಚ್ಚು ಗಳಿಕೆ ಎಂಬುದೂ ತಲೆಯಕ್ಕನಿಗೆ ಚೆನ್ನಾಗಿ ಗೊತ್ತು. ಅವರು ಒಂದು ಸಲ ಒಲೆಯ ಕಡೆ ನೋಡುತ್ತಾರೆ. ಕಾಲು, ಬೆಳಗಿನಿಂದ ಒಂದೆಡೆ ನಿಲ್ಲದ ಆ ಕಾಲು, ಈಗ ನಿಂತಿದೆ.

"ಆಗಲ್ಲ ಭಾವ."

"ಸ್ವಲ್ಪಾನೇ ಕೇಳಿದ್ದು ನಾನು."

"ಮಗು ಮೈಯಲ್ಲಿ ಸಿಕ್ಕಿದ್ದೂ ಸ್ವಲ್ಪಾನೇ. ಕಣ್ಣಿಗೇ ಕಾಣದಷ್ಟು."

ಭಾವನ ಮುಖ ಬಿಗಿಯುತ್ತದೆ. "ಹಾಗಾದ್ರೆ ಗೋಡೆಗೆ ನಾನು ಪೇಟೆ ಅಂಗಡೀದು ತಗೋಬೇಕಾಗುತ್ತೆ" ಎನ್ನುತ್ತಾರೆ, ಬೆದರಿಕೆಯೋ ಬೇಸರವೋ ಎಂದು ತಿಳಿಯದ ದನಿಯಲ್ಲಿ.

"ತಗೊಳ್ಳಿ. ನಾನು ಬೇಡ ಅನ್ನಲ್ಲ. ಆದ್ರೆ ಆ ಪೆಟ್ಟಿಗೆ ಇಟ್ಕೊಂಡು ನಮ್ಮ ಮನೆಯೊಳಗೆ ಬರ್ಬೇಡಿ. ನೀವು ಬಂದ್ರೆ ಚಪ್ಪಲಿ ಜೊತೆ ಅದನ್ನೂ ಆಚೆ ಬಿಟ್ಟು, ಕೈ ತೊಳ್ಕೊಂಡು ಬನ್ನಿ."

ಭಾವನಿಗೆ ಕೈ ತೊಳೆದುಕೊಂಡು ಬಾ ಎಂದು ಈ ಮನೆಯ ಸೊಸೆ ಹೇಳುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಭಾವ ಎದ್ದು ನಿಲ್ಲುತ್ತಾರೆ. ಹೊರಟೇಹೋದರು ಎನ್ನುವಾಗ ತಿರುಗಿ, ಜೊಂಡಿಗೂ ಕಲ್ಲಿಗೂ ತವರದ ತಲೆ ಮಿಕ್ಕ ದೋಣಿಯವರಿಗೂ ಸೇರಿಸಿ ಮಾಡಿಡು ಎನ್ನುತ್ತಾರೆ. ಮುಖದ ಗಂಟು ಪೂರ್ತಿ ಬಿಚ್ಚಿಲ್ಲ. ನಡಿಗೆ ಮಾತ್ರ ಮಾಮೂಲಿನಷ್ಟೇ ನಿಧಾನ.

ಅವರು ಮರೆಯಾದ ಮೇಲೆ ತಲೆಯಕ್ಕ ಕೈ ತೊಳೆದು, ಒರೆಸಿ, ಮತ್ತೆ ತೊಳೆದು, ಮಗಳಿಗೆ ಫೋನ್ ಮಾಡುತ್ತಾರೆ. ಬಟ್ಟೆ ಅಂಗಡಿಯ ಗದ್ದಲದ ನಡುವೆ ಮಗಳ ದನಿ. ತಾಯಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಟಿಕ್ ಟಿಕ್ ಅಂದದ್ದು, ಗೋಡೆ, ಭಾವ, ಕೈ ತೊಳೆಯುವುದು. ಆ ಕಡೆಯಿಂದ, "ಅಯ್ಯೋ ಅಮ್ಮ, ದೊಡ್ಡಪ್ಪಂಗೆ ಹಾಗಂದ್ಯಾ? ನಿನಗೇನು ಬುದ್ಧಿಗಿದ್ಧಿ ಇದೆಯಾ?" ಎಂಬ ಬೈಗುಳ. ಮೆತ್ತನೆಯ ದನಿ ಎಲ್ಲೋ ಹೋಗಿದೆ. ಗಟ್ಟಿ ದನಿಯ ಅಸಲಿ ಮಗಳು ಫೋನಿನಲ್ಲಿ ಸಿಕ್ಕಿದ್ದಾಳೆ. ತಲೆಯಕ್ಕ ಬೈಸಿಕೊಳ್ಳುತ್ತ, ಫೋನ್ ಹಿಡಿದ ಕೈ ಬದಲಾಯಿಸುತ್ತ, ಶೆಡ್ಡಿನಲ್ಲಿ ಸುತ್ತುತ್ತ, ಕಣ್ಣೊರೆಸಿಕೊಂಡು ನಗುತ್ತಾರೆ. ಮುಂದಿನ ರಕ್ತ ಪರೀಕ್ಷೆ ಆಗಲಿ, ಆರೋಗ್ಯ ಇಲಾಖೆಯವಳು ಇನ್ನೊಂದು ಸಲ ಮನೆ ಒರೆಸಿ ನೋಡಲಿ, ಆಮೇಲೆ ಒಳಗೆ ಕರೆತರುತ್ತೇನೆ ಎಂದು ಮಗಳು ಹೇಳುತ್ತಾಳೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಇವತ್ತಿಗೆ ಅಷ್ಟೇ.

ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಮಿಕ್ಕ ದೋಣಿಯವರಿಗೆ ತಲೆ ಬೇಕಲ್ಲ. ಗಾಳಗಳನ್ನು ಅಚ್ಚಿನಲ್ಲಿ ಕೂರಿಸುತ್ತಿರುವ ತಲೆಯಕ್ಕನನ್ನು, ಇನ್ನು ನಿಮಗೇನು ಬೇಕು ಎಂದು ಕೇಳಿದರೆ, ಹೆಸರು ಬೇಡ, ದೊಡ್ಡ ಅಂಗಡಿ ಬೇಡ ಎಂದು ತಲೆ ಅಲ್ಲಾಡಿಸುತ್ತಾರೆ. ಮಾತಿಗೆ ಎಂದೂ ತಡಕಾಡದವರು ಈಗ ಸ್ವಲ್ಪ ತಡಕಾಡಿ ಹೇಳುತ್ತಾರೆ:

"ಗೇಟಿನ ಹತ್ರ ಬಂದಾಗ ಮಗು ಎರಡೂ ಕೈ ಚಾಚಿ 'ಎತ್ಕೋ' ಅನ್ನುತ್ತೆ. ಮೈಮೇಲೆ ಎಲ್ಲಾದ್ರೂ ಹಳೇ ಪುಡಿ ಉಳಿದಿದ್ರೆ ಅಂತ ನಾನು ಕೈ ಹಿಂದೆ ಕಟ್ಕೊಂಡು, 'ಇರು ಪುಟ್ಟಿ, ಸ್ನಾನ ಮಾಡಿ ಬರ್ತೀನಿ' ಅಂತೀನಿ. ಬಟ್ಟೆ ಬದಲಾಯಿಸಿ ಬರೋಷ್ಟರಲ್ಲಿ ಅದು ಮರ್ತು ಬೇರೇನೋ ಆಡ್ತಿರುತ್ತೆ. ಎತ್ಕೋ ಅಂದ ತಕ್ಷಣ ಎತ್ಕೋಬೇಕು, ಅಷ್ಟೇ ನನಗೆ ಬೇಕಾಗಿರೋದು. ಮಗೂಗೆ ಇನ್ನೂ ಮಾತು ಸರಿಯಾಗಿ ಬರಲ್ಲ. ಬೆಳೀತಾ ಹೋದ್ರೆ ಇನ್ನೆಷ್ಟು ದಿನ ಅಂತ 'ಎತ್ಕೋ' ಅನ್ನುತ್ತೆ ಅದು?"